ಬೈಕುಲ್ಲಾದಿಂದ ಭಾವನಿಗೆ

ಬೈಕುಲ್ಲಾ, ಮುಂಬಯಿ

ಪ್ರೀತಿಯ ಭಾವ,

ಇಲ್ಲಿ ಕುಚ್ಚಲಕ್ಕಿ ಅನ್ನವೂ ಸಿಗುತ್ತದೆ ಎಂದು ಅಕ್ಕನಿಗೆ ಹೇಳಿ. ಹೋಟೆಲ್ ಹುಡುಗರನ್ನು ಓದಿಸಿದ ಕನ್ನಡ ರಾತ್ರಿಶಾಲೆಗಳ ಬಗ್ಗೆ ಬರೆಯಲು ಬಂದಿದ್ದೇನಲ್ಲ, ಬೆಳಿಗ್ಗೆಯಿಂದ ಲೋಕಲ್‌ನಲ್ಲಿ ಓಡಾಟ, ಹಳೆಯ ವಿದ್ಯಾರ್ಥಿಗಳ ಜೊತೆ ಮಾತು. ರಾತ್ರಿ ಕೋಣೆಗೆ ಬಂದು ವರದಿ ಕಳಿಸಿದ ಮೇಲೆಯೇ ಊಟ. ಆಡಿದ ಮಾತನ್ನು ಈಗ ಫೋನೇ ಕನ್ನಡದಲ್ಲಿ ಬರೆದುಕೊಡುತ್ತದೆ. ಆದರೆ ನಮ್ಮ ಕಡೆಯ ಮನೆತನಗಳ, ಊರುಗಳ ಹೆಸರು ಬಂದರೆ ತಡವರಿಸುತ್ತದೆ. ಅದಕ್ಕೇ ಒಬ್ಬೊಬ್ಬರ ಹೆಸರನ್ನೂ ಅವರ ಕೈಯಲ್ಲೇ ಬರೆಸಿಕೊಳ್ಳುತ್ತೇನೆ. ಅದು ನೀವು ಕಲಿಸಿದ ಪಾಠ.

ಬೈಕುಲ್ಲಾ ಸ್ಟೇಷನ್ನಿನ ಕಲ್ಲಿನ ಕಟ್ಟಡ 1857ರದು. ಅದನ್ನು ಮೊದಲಿದ್ದಂತೆಯೇ ದುರಸ್ತಿ ಮಾಡಿದ್ದಕ್ಕೆ 2022ರಲ್ಲಿ ಯುನೆಸ್ಕೊ ಪ್ರಶಸ್ತಿಯೂ ಬಂದಿದೆ. ನಿತ್ಯ ಇಷ್ಟು ಜನ ತುಳಿಯುವ ಜಾಗವನ್ನೂ ಉಳಿಸಿಕೊಳ್ಳಬಹುದು ಎನ್ನುವುದು ನನಗೆ ಬಹಳ ಹಿಡಿಸಿತು.

ನಿಮಗೆ ಹೇಳಲೇಬೇಕಾದದ್ದು ಬೇರೆ ಇದೆ. ಇದೇ ಬೈಕುಲ್ಲಾದಲ್ಲಿ ಎಜುಕೇಷನ್ ಸೊಸೈಟಿಯ ಪ್ರೆಸ್ ಇತ್ತು. 'ಇಂಡಿಯನ್ ಆಂಟಿಕ್ವೆರಿ' ಎಂಬ ಸಂಶೋಧನಾ ಪತ್ರಿಕೆ ಅಚ್ಚಾಗುತ್ತಿದ್ದದ್ದು ಅಲ್ಲಿ. ವಿದ್ವಾಂಸ ಫ್ಲೀಟ್ ಸಂಗ್ರಹಿಸಿದ ಕನ್ನಡ ಲಾವಣಿಗಳು 1885ರಲ್ಲಿ ಅದರಲ್ಲೇ ಬರತೊಡಗಿದವು. ಅವುಗಳಲ್ಲೊಂದಾದ ನಮ್ಮ ಸಂಗೊಳ್ಳಿ ರಾಯಣ್ಣನ ಹಾಡು ಈ ಬೀದಿಗಳಲ್ಲೆಲ್ಲೋ ಅಚ್ಚಿನ ಮನೆ ಹೊಕ್ಕಿತ್ತು, ಭಾವ!

ನಿನ್ನೆ ಫೋರ್ಟಿಗೆ ಹೋಗಿ 'ಮುಂಬಯಿ ಸಮಾಚಾರ'ದ ಕೆಂಪು ಕಟ್ಟಡ ನೋಡಿದೆ. ಆ ಗುಜರಾತಿ ಪತ್ರಿಕೆ ಹುಟ್ಟಿದ್ದು 1822ರ ಜುಲೈ 1ರಂದು, ಇಂದಿಗೂ ನಡೆಯುತ್ತಿದೆ. ನಮ್ಮ 'ಮಂಗಳೂರ ಸಮಾಚಾರ'ವನ್ನು ಪಾದ್ರಿ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದದ್ದೂ ಜುಲೈ 1ರಂದೇ, 1843ರಲ್ಲಿ. ನಮ್ಮದು ಮರುವರ್ಷವೇ ಹೆಸರು ಬದಲಿಸಿಕೊಂಡು ಬಳ್ಳಾರಿಗೆ ಹೋಯಿತು, ಹೆಚ್ಚು ದಿನ ಬಾಳಲಿಲ್ಲ.

ಅಲ್ಲಿ ನಿಂತಾಗ ನೀವು ಅಚ್ಚಿನ ಮೊಳೆ ಜೋಡಿಸುತ್ತಿದ್ದ ನಮ್ಮ ಪುತ್ತೂರಿನ ವಾರಪತ್ರಿಕೆ ನೆನಪಾಯಿತು. ಆಗಸ್ಟ್ ಸಂಚಿಕೆ ಬಂತೆಂದರೆ 'ಸ್ವಾತಂತ್ರ್ಯ' ಪುಟಪುಟಕ್ಕೂ ಬೇಕು. ರ-ಒತ್ತಿನ ಮೊಳೆ ಮುಗಿದುಹೋಗುತ್ತಿತ್ತು. ಮೊದಲ ಪುಟ ಟ್ರೆಡಲ್‌ನಿಂದ ಇಳಿಯುವವರೆಗೆ ಕಾದು, ಕಟ್ಟು ಬಿಚ್ಚಿ, ಸೀಮೆಎಣ್ಣೆಯಲ್ಲಿ ಮಸಿ ತೊಳೆದು, ಅವೇ ಮೊಳೆಗಳನ್ನು ಮೂರನೆಯ ಪುಟಕ್ಕೆ ಜೋಡಿಸುತ್ತಿದ್ದಿರಿ. ಚಿಮಟಿಗೆಯ ತುದಿಯಲ್ಲಿ ಆ ಪುಟ್ಟ ಒತ್ತು, ಬೆಳಕಿಗೆ ಹಿಡಿದು ನೋಡುವ ನಿಮ್ಮ ಕಣ್ಣು. ಈಗ ಕಂಪ್ಯೂಟರಿನಲ್ಲಿ 'ತ' ಆದ ಮೇಲೆ ಎಫ್ ಒತ್ತಿ ರ, ಮತ್ತೆ ಎಫ್ ಒತ್ತಿ ಯ. ಮುಗಿಯಿತು. ಇದನ್ನು ಇಷ್ಟು ಸುಲಭ ಮಾಡಿದವರು ನಮ್ಮ ಕಿನ್ನಿಕಂಬಳದ ಕೆ.ಪಿ. ರಾಯರು, ಮುಂಬಯಿಯಲ್ಲಿ ದುಡಿದವರು. ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಅಷ್ಟೂ ಕನ್ನಡವನ್ನು ಕೂರಿಸಿದರು. 'ನುಡಿ' ತಂತ್ರಾಂಶದ ಬುಡದಲ್ಲಿರುವುದೂ ಅವರದೇ ವಿನ್ಯಾಸ. ನನ್ನ ದಿನದ ಅನ್ನ ಅದರಿಂದ ನಡೆಯುತ್ತಿದೆ.

ನಮ್ಮ ವಾರಪತ್ರಿಕೆ ನೆನಪಾದದ್ದಕ್ಕೇ ಒಂದು ಕೋರಿಕೆ. ಅಟ್ಟದ ಮೇಲಿರುವ ಅದರ ಕಟ್ಟುಗಳನ್ನು ರದ್ದಿಯವನಿಗೆ ಕೊಡಬೇಡಿ. ಸಹಕಾರಿ ಸಂಘದ ಸಭೆ, ಕಂಬಳದ ಫಲಿತಾಂಶ, ಶಾಲೆಯ ಮಾಡು ಹಾರಿದ ಸುದ್ದಿ, ಇವೆಲ್ಲ ದೊಡ್ಡ ಪತ್ರಿಕೆಗಳಲ್ಲಿ ಸಿಗುವುದಿಲ್ಲ. ಸೊಸೆಯ ಫೋನಿನಲ್ಲಿ ಪುಟಪುಟವೂ ಫೋಟೊ ತೆಗೆಸಿ, ಹಗಲು ಜಗಲಿಯ ಬೆಳಕಿನಲ್ಲಿ. ಮಡಿಕೆಯಲ್ಲಿ ಹರಿದ ಪುಟಗಳಿಗೆ ಅಂಟುಪಟ್ಟಿ ಹಚ್ಚಬೇಡಿ. ನಾನು ಬಂದು ನೋಡುತ್ತೇನೆ. ಗೆದ್ದಲು ಹಿಡಿದ ಕಟ್ಟನ್ನು ಇವತ್ತೇ ಬೇರೆ ಇಡಿಸಿ.

ನಿಮ್ಮ ಭಾವಮೈದುನ