ವಿಳಾಸವಿಲ್ಲದವರು ಮಾಡಿದ ಲೆಕ್ಕ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದವರಿಲ್ಲ. ಕೈಯಲ್ಲಿ ನಿವೇಶನವಿದ್ದು, ಬ್ಯಾಂಕಿನ ಸಾಲವೂ ಸಿಕ್ಕುವವರಿಗೇ ಮನೆ ಕಟ್ಟುವುದು ಇಷ್ಟು ಕಷ್ಟವಾದರೆ, ಅಂಗೈಯಗಲ ನೆಲವೂ ಇಲ್ಲದವರ ಪಾಡೇನು? ಫುಟ್‌ಪಾತಿನ ಮೇಲೆ ಗೋಣಿಚೀಲ, ಪ್ಲಾಸ್ಟಿಕ್ ಹಾಳೆಗಳ ಮರೆಯಲ್ಲಿ ಸಂಸಾರ ಹೂಡಿದ ಹೆಂಗಸರು ಒಂದು ದಿನ ತಮ್ಮ ಮನೆಯ ನಕ್ಷೆಯನ್ನು ತಾವೇ ಬರೆಯುತ್ತಾರೆ ಎಂದರೆ ನಂಬುವುದು ಸುಲಭವಲ್ಲ. ಆದರೂ ಅದು ಮುಂಬಯಿಯಲ್ಲಿ ನಡೆದ ಸಂಗತಿ. ಅವರು ಬಳಸಿದ್ದು ಶಾಲೆಯ ಮಕ್ಕಳಿಗೆಲ್ಲ ಗೊತ್ತಿರುವ ಮೂರು ವಿದ್ಯೆಗಳನ್ನು: ಎಣಿಸುವುದು, ಕೂಡಿಸುವುದು, ಅಳೆಯುವುದು.

1981ರ ಜುಲೈನಲ್ಲಿ, ಸುರಿಯುವ ಮಳೆಗಾಲದಲ್ಲಿ, ಮುಂಬಯಿಯ ಫುಟ್‌ಪಾತ್ ವಾಸಿಗಳನ್ನು ತೆರವು ಮಾಡಿ ಅವರವರ ಊರಿಗೆ ಕಳುಹಿಸಲು ಮಹಾರಾಷ್ಟ್ರ ಸರ್ಕಾರ ಹೊರಟಿತು. ಗುಡಿಸಲುಗಳು ಉರುಳಿದವು. ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮತ್ತಿತರರು ನ್ಯಾಯಾಲಯದ ಮೆಟ್ಟಿಲೇರಿದರು. 1985ರ ಜುಲೈ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ನೀಡಿತು. ಸಂವಿಧಾನದ 21ನೇ ವಿಧಿಯಲ್ಲಿ ಹೇಳಿರುವ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಅದು ಸಾರಿತು. ಕಾನೂನು ಓದುವ ವಿದ್ಯಾರ್ಥಿಗಳು ಇಂದಿಗೂ ಈ ತೀರ್ಪನ್ನು ಅಭ್ಯಾಸ ಮಾಡುತ್ತಾರೆ. ಆದರೆ ಅದೇ ತೀರ್ಪು, ಫುಟ್‌ಪಾತಿನಲ್ಲಿ ವಾಸಿಸುವ ಹಕ್ಕು ಯಾರಿಗೂ ಇಲ್ಲವೆಂದೂ ಹೇಳಿತು. ನೋಟಿಸು ಕೊಟ್ಟು, ಮಳೆಗಾಲ ಕಳೆದು ಅಕ್ಟೋಬರ್ 31 ದಾಟಿದ ಮೇಲೆ ತೆರವು ಮಾಡಬಹುದಿತ್ತು. ತತ್ವದಲ್ಲಿ ಗೆದ್ದವರು ನೆಲದ ಮೇಲೆ ಸೋತಂತಾಯಿತು. ಉಳಿದಿದ್ದದ್ದು ಮೂರೂವರೆ ತಿಂಗಳು.

ಆ ವೇಳೆಗೆ ಬೈಕಲಾದಲ್ಲಿ ‘ಸ್ಪಾರ್ಕ್’ ಎಂಬ ಸಣ್ಣ ಸ್ವಯಂಸೇವಾ ಸಂಸ್ಥೆಯೊಂದಿತ್ತು. 1984ರಲ್ಲಿ ಶೀಲಾ ಪಟೇಲ್ ಮತ್ತು ಸಂಗಡಿಗರು ಆರಂಭಿಸಿದ ಅದರ ನೆಲೆ, ನಗರಸಭೆಯ ದವಾಖಾನೆಗೆ ಸೇರಿದ ಒಂದು ಗ್ಯಾರೇಜು. ಫುಟ್‌ಪಾತಿನ ಹೆಂಗಸರು ಕುಳಿತು ಮಾತಾಡಲು ಒಂದು ಜಾಗ ಬೇಕಿತ್ತು, ಅದು ಸಿಕ್ಕಿತ್ತು. ಅನ್ನ, ಕಂಬಳಿ ಹಂಚುವುದೇ ದೊಡ್ಡ ಸೇವೆಯೆಂದು ತಿಳಿದಿದ್ದ ಕಾಲದಲ್ಲಿ ಈ ಸಂಸ್ಥೆ ಬೇರೆಯೇ ದಾರಿ ಹಿಡಿಯಿತು. ನಿಮಗೇನು ಬೇಕು ಎಂದು ಕೇಳುವುದರ ಜೊತೆಗೆ, ನೀವು ಎಷ್ಟು ಜನರಿದ್ದೀರಿ ಎಂದು ಕೇಳಿತು.

ಉತ್ತರ ಯಾರ ಬಳಿಯೂ ಇರಲಿಲ್ಲ. 1976ರಲ್ಲಿ ನಗರದ ಕೊಳೆಗೇರಿಗಳ ಗಣತಿ ನಡೆದಿದ್ದರೂ ಫುಟ್‌ಪಾತಿನವರು ಅದರಲ್ಲಿ ಸೇರಿರಲಿಲ್ಲ. ಎಣಿಕೆಗೆ ಬಾರದವರು ಸರ್ಕಾರದ ಕಣ್ಣಿಗೆ ಇಲ್ಲದವರೇ. ಆದ್ದರಿಂದ 1985ರಲ್ಲಿ ಅಲ್ಲಿನ ನಿವಾಸಿಗಳ ನೆರವಿನಿಂದಲೇ ಸುಮಾರು 6,000 ಕುಟುಂಬಗಳ ಸಮೀಕ್ಷೆ ನಡೆಯಿತು. ‘ಕಣ್ಣಿಗೆ ಕಾಣದ ನಾವು’ ಎಂಬ ಅರ್ಥದ ಹೆಸರಿನಲ್ಲಿ ವರದಿ ಹೊರಬಂತು. ಇವರೆಲ್ಲ ನಿನ್ನೆ ಮೊನ್ನೆ ಬಂದ ಅಲೆಮಾರಿಗಳು, ಕೆಲಸವಿಲ್ಲದವರು ಎಂಬ ಮಾತನ್ನು ಅಂಕಿ ಅಂಶಗಳು ಸುಳ್ಳು ಮಾಡಿದವು. ಅನೇಕರು ವರ್ಷಗಟ್ಟಲೆಯಿಂದ ಅಲ್ಲೇ ಇದ್ದವರು, ಕೂಲಿ, ಮನೆಗೆಲಸ, ಸಣ್ಣ ವ್ಯಾಪಾರಗಳಲ್ಲಿ ದುಡಿಯುತ್ತಿದ್ದವರು. ಕೆಲಸಕ್ಕೆ ನಡೆದು ಹೋಗುವಷ್ಟು ಹತ್ತಿರ ಇರಬೇಕೆಂದೇ ಫುಟ್‌ಪಾತನ್ನು ಆರಿಸಿಕೊಂಡಿದ್ದರು. ದಿನಗೂಲಿಯಲ್ಲಿ ಬಸ್ಸು, ರೈಲಿನ ಖರ್ಚು ಕಳೆದರೆ ಒಲೆಗೆ ಉಳಿಯುವುದೆಷ್ಟು? ಜನ ಭಯಪಟ್ಟಷ್ಟು ದೊಡ್ಡ ತೆರವು ಆ ವರ್ಷ ನಡೆಯಲಿಲ್ಲ.

ಈ ಎಣಿಕೆಯ ವಿದ್ಯೆಗೆ ಬಲ ತಂದವರಲ್ಲಿ ಒಬ್ಬರು ಕನ್ನಡ ನಾಡಿನ ನೆಲದಲ್ಲಿ ಹುಟ್ಟಿದವರು ಎಂಬುದನ್ನು ಇಲ್ಲಿ ನೆನೆಯಬೇಕು. ಜಾಕಿನ್ ಅರ್ಪುತಂ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ, ತಮಿಳು ಮಾತಿನ ಕುಟುಂಬದಲ್ಲಿ ಜನಿಸಿದರು. ಮನೆಯ ಸ್ಥಿತಿ ಕೆಟ್ಟಾಗ ಬೆಂಗಳೂರಿನಲ್ಲಿ ಬಡಗಿ ಕೆಲಸ ಮಾಡಿ, 1960ರ ದಶಕದಲ್ಲಿ ಮುಂಬಯಿಗೆ ಹೋದರು. ಪರಮಾಣು ಸಂಶೋಧನಾ ಕೇಂದ್ರದ ಪಕ್ಕದ ಜನತಾ ಕಾಲೊನಿಯಲ್ಲಿ ನೆಲೆಸಿ, ಅಲ್ಲಿನ ಮಕ್ಕಳಿಗೆ ಪಾಠ ಹೇಳತೊಡಗಿದರು. ಕಸ ಎತ್ತಲು ನಗರಸಭೆಯವರು ಬಾರದಿದ್ದಾಗ ಮಕ್ಕಳ ಕೈಗೆಲ್ಲ ಕಸದ ಪೊಟ್ಟಣ ಕೊಟ್ಟು, ಪಿಕ್ನಿಕ್ಕಿಗೆಂದು ಕರೆದೊಯ್ದು, ನಗರಸಭೆಯ ಕಚೇರಿಯ ಮುಂದೆ ಹಾಕಿಸಿದ ಕಥೆ ಪ್ರಸಿದ್ಧವಾಗಿದೆ. 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಆ ಕಾಲೊನಿ ನೆಲಸಮವಾಯಿತು. ಅಷ್ಟು ಹೊತ್ತಿಗೆ ಅವರು ಕೊಳೆಗೇರಿ ನಿವಾಸಿಗಳ ರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದ್ದರು. ಮುಂದೆ ಆ ಒಕ್ಕೂಟ ಸ್ಪಾರ್ಕ್ ಜೊತೆ ಕೈಗೂಡಿಸಿತು. 2000ದಲ್ಲಿ ಜಾಕಿನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2018ರಲ್ಲಿ ಅವರು ತೀರಿಕೊಂಡರು.

ಎರಡನೆಯ ವಿದ್ಯೆ ಕೂಡಿಸುವುದು. 1986ರಲ್ಲಿ ಫುಟ್‌ಪಾತಿನ ಹೆಂಗಸರು ‘ಮಹಿಳಾ ಮಿಲನ್’ ಎಂಬ ಸಂಘ ಕಟ್ಟಿಕೊಂಡರು. ಅವರಲ್ಲೇ ಒಬ್ಬಾಕೆ ದಿನವೂ ಗುಡಿಸಲಿಂದ ಗುಡಿಸಲಿಗೆ ಹೋಗಿ ಉಳಿತಾಯದ ಹಣ ಸಂಗ್ರಹಿಸುವಳು. ಅಕ್ಷರ ಬಾರದವರಿಗೆ ಪಾಸ್‌ಬುಕ್ಕಿನ ಬದಲು ಪ್ಲಾಸ್ಟಿಕ್ ಚೀಲ ಕೊಟ್ಟು, ಅದರಲ್ಲಿ ಬಣ್ಣ ಬಣ್ಣದ ಕಾಗದದ ಚೌಕಗಳನ್ನು ಹಾಕುತ್ತಿದ್ದರು. ಒಂದೊಂದು ಬಣ್ಣಕ್ಕೆ ಒಂದೊಂದು ಮೊತ್ತ. ದಿನಕ್ಕೆ ಎರಡು ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 730 ರೂಪಾಯಿ, ಇನ್ನೂರು ಮನೆಗಳು ಸೇರಿದರೆ 1,46,000 ರೂಪಾಯಿ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಮಗುವಿಗೆ ಜ್ವರ ಬಂದಾಗ, ಗಂಡನ ಕೂಲಿ ತಪ್ಪಿದಾಗ ಬಡ್ಡಿ ಸಾಹುಕಾರನ ಬಳಿಗೆ ಓಡುವ ಬದಲು ಸಂಘದಿಂದ ಸಾಲ ಸಿಕ್ಕುತ್ತಿತ್ತು. ಯಾರಿಗೆ ಎಷ್ಟು ಎಂದು ತೀರ್ಮಾನಿಸುವವರೂ ಅದೇ ಹೆಂಗಸರು. ದಿನವೂ ಬಾಗಿಲಿಗೆ ಬರುವಾಕೆಗೆ ಯಾರ ಮನೆಯಲ್ಲಿ ಒಲೆ ಉರಿದಿಲ್ಲ, ಯಾರ ಮಗು ಶಾಲೆ ಬಿಟ್ಟಿತು ಎಂಬುದೂ ತಿಳಿಯುತ್ತಿತ್ತು. ರೇಷನ್ ಕಾರ್ಡಿಗಾಗಿ ಕಚೇರಿಗೆ ಒಬ್ಬೊಬ್ಬರೇ ಹೋದರೆ ಗದರಿಸಿ ಕಳುಹಿಸುತ್ತಿದ್ದವರು, ಗುಂಪಾಗಿ ಹೋದಾಗ ಕುಳಿತು ಮಾತಾಡಬೇಕಾಯಿತು.

ಮೂರನೆಯದು ಅಳೆಯುವುದು. ನಿಮಗೆಂಥ ಮನೆ ಬೇಕು ಎಂಬ ಪ್ರಶ್ನೆಗೆ ಹೆಂಗಸರು ಮೊದಲು ಉತ್ತರಿಸಿದ್ದು ಬಟ್ಟೆಯಿಂದ. ನಿಜವಾದ ಅಳತೆಯಲ್ಲೇ ಬಟ್ಟೆಯ ಗೋಡೆಗಳನ್ನು ನಿಲ್ಲಿಸಿ, ಒಳಗೆ ನಿಂತು, ನಡೆದಾಡಿ, ಒಲೆ ಎಲ್ಲಿ, ನೀರಿನ ಕೊಡ ಎಲ್ಲಿ ಎಂದು ಗೊತ್ತುಮಾಡಿಕೊಂಡರು. ಅಂಥ ಮಾದರಿ ಮನೆಗಳ ಪ್ರದರ್ಶನವೂ ಆ ದಶಕದಲ್ಲೇ ನಡೆಯಿತು. ಅವರು ಮೆಚ್ಚಿದ್ದು 14 ಅಡಿ ಎತ್ತರದ, ಒಳಗೆ ಅಟ್ಟವಿರುವ ಒಂದೇ ಕೋಣೆಯ ಮನೆ.

ಇದರ ಜಾಣ್ಮೆಯನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. 10 ಅಡಿ ಅಗಲ, 18 ಅಡಿ ಉದ್ದದ ಕೋಣೆಯ ನೆಲ 180 ಚದರಡಿ. ಎತ್ತರ 9 ಅಡಿಯಾದರೆ ಒಳಗಿನ ಗಾಳಿ 1,620 ಘನ ಅಡಿ, 14 ಅಡಿಯಾದರೆ 2,520. ಅರ್ಧ ಭಾಗಕ್ಕೆ ಅಟ್ಟ ಹಾಕಿದರೆ ಇನ್ನೂ 90 ಚದರಡಿ ಸಿಗುತ್ತದೆ. ನಿವೇಶನ ಅಷ್ಟೇ ಇದ್ದರೂ ಬಳಕೆಯ ಜಾಗ ಒಂದೂವರೆ ಪಟ್ಟು. ಅಟ್ಟದ ಮೇಲೆ ಮಗು ಪುಸ್ತಕ ಹಿಡಿದು ಕೂರಬಹುದು, ಕೆಳಗೆ ಅಡುಗೆ ನಡೆಯಬಹುದು. ಬಿಸಿ ಗಾಳಿ ಮೇಲಕ್ಕೇರುವುದರಿಂದ ಮೇಲೊಂದು ಗವಾಕ್ಷಿಯಿದ್ದರೆ ಹೊಗೆಯೂ ಸೆಖೆಯೂ ಹೊರಹೋಗುತ್ತವೆ.

1995ರಲ್ಲಿ ಮಹಾರಾಷ್ಟ್ರದ ಕೊಳೆಗೇರಿ ಪುನರ್ವಸತಿ ಯೋಜನೆ ರೂಪುಗೊಂಡಾಗ, ಆ ವರ್ಷದ ಜನವರಿ 1ಕ್ಕೆ ಮುಂಚಿನಿಂದ ವಾಸವಿದ್ದ ಫುಟ್‌ಪಾತ್ ನಿವಾಸಿಗಳೂ ಅದರೊಳಗೆ ಬಂದರು. ಹತ್ತು ವರ್ಷಗಳ ಹಿಂದೆ ಎಣಿಕೆಗೇ ಸಿಗದಿದ್ದವರಿಗೆ ಅದು ಸಣ್ಣ ಗೆಲುವಲ್ಲ. ವರ್ಷಗಟ್ಟಲೆ ಕಾದ ಬಳಿಕ ಬೈಕಲಾದ ಅನೇಕ ಕುಟುಂಬಗಳು ಮಾನ್‌ಖುರ್ದಿನ ‘ಮಿಲನ್ ನಗರ’ದಲ್ಲಿ ಗಟ್ಟಿ ಗೋಡೆಯ ಮನೆ ಕಂಡವು.

ಹಾಗೆಂದು ಎಲ್ಲವೂ ಸುಖಾಂತವಾಯಿತೆಂದರೆ ಸತ್ಯಕ್ಕೆ ಅಪಚಾರವಾದೀತು. ಬೈಕಲಾದಿಂದ ಮಾನ್‌ಖುರ್ದಿಗೆ ಹೋದವರಿಗೆ ಕೆಲಸ ದೂರವಾಯಿತು. ನಡೆದು ಹೋಗುತ್ತಿದ್ದವರು ರೈಲಿನ ಖರ್ಚು ಹೊರಬೇಕಾಯಿತು. ಆ ಭಾಗದಲ್ಲಿ ಬೇರೆ ಬೇರೆ ಯೋಜನೆಗಳಡಿ ಒತ್ತೊತ್ತಾಗಿ ಎದ್ದ ಕೆಲವು ಪುನರ್ವಸತಿ ಕಟ್ಟಡಗಳಲ್ಲಿ, ಬಿಸಿಲು ಗಾಳಿ ಸಾಲದ ಕೆಳ ಅಂತಸ್ತಿನವರಿಗೆ ಕ್ಷಯರೋಗ ಹೆಚ್ಚಾಗಿ ತಗಲುತ್ತಿದೆ ಎಂಬುದೂ ಅಧ್ಯಯನದಿಂದ ತಿಳಿದುಬಂದಿದೆ. ಬಟ್ಟೆಯ ಗೋಡೆಯೊಳಗೆ ನಿಂತು ಗಾಳಿ ಬೆಳಕನ್ನು ಅಳೆದ ಹೆಂಗಸರನ್ನು ಆ ಕಟ್ಟಡಗಳ ನಕ್ಷೆ ಬರೆದವರು ಒಮ್ಮೆ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು! ಸೂರು ಕೊಟ್ಟರೆ ಮುಗಿಯಿತೆಂದು ತಿಳಿಯುವ ಸರ್ಕಾರಕ್ಕೂ, ದಾನಿಗಳಿಗೂ ಇದರಲ್ಲಿ ಪಾಠವಿದೆ.

ಕರ್ನಾಟಕದಲ್ಲಿಯೂ ಕಟ್ಟಡದ ಕೆಲಸಕ್ಕೆ ವಲಸೆ ಬಂದು ಟೆಂಟುಗಳಲ್ಲಿ ಬದುಕುವ ಸಂಸಾರಗಳಿಗೆ ಕೊರತೆಯಿಲ್ಲ. ಅವರ ಮಕ್ಕಳು ಶಾಲೆಯ ಬಾಗಿಲಿಗೆ ಬಂದಾಗ ದಾಖಲೆಯ ಪ್ರಶ್ನೆ ಎದುರಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಶಾಲೆಗೆ ಸೇರಲು ನಿರಾಕರಿಸುವಂತಿಲ್ಲ. ಇದು ಟೆಂಟಿನಲ್ಲಿರುವ ತಂದೆತಾಯಿಗಳಿಗೆ ಅನೇಕ ವೇಳೆ ಗೊತ್ತಿರುವುದಿಲ್ಲ. ಗೊತ್ತಿರುವ ತಂದೆತಾಯಿಗಳು ಪಕ್ಕದ ಖಾಲಿ ನಿವೇಶನದ ಟೆಂಟಿನವರೆಗೆ ನಡೆದು ಹೋಗಿ, ಅಲ್ಲಿ ಶಾಲೆಯ ವಯಸ್ಸಿನ ಮಕ್ಕಳೆಷ್ಟು ಎಂದು ಎಣಿಸಿ, ಊರಿನ ಮುಖ್ಯೋಪಾಧ್ಯಾಯರಿಗೆ ತಿಳಿಸಬಹುದು. ಜೂನ್ ತಿಂಗಳ ಮೊದಲೇ ಈ ಕೆಲಸ ಮಾಡಿದರೆ ಒಂದೆರಡು ಮಕ್ಕಳಾದರೂ ಆ ವರ್ಷ ಬೆಂಚಿನ ಮೇಲೆ ಕೂರುತ್ತಾರೆ.