ರಾಕ್ಷಸರ ಹೆಸರು

ಹಿರೇಹಳ್ಳಿಯಲ್ಲಿರುವ ನನ್ನ ಅಕ್ಕನ ಮಗನಿಗೆ ‘ಡೀಮನ್ ಸ್ಲೇಯರ್’ ಎಂಬ ಜಪಾನಿ ಕಾರ್ಟೂನಿನ ಹುಚ್ಚು. 2019ರಲ್ಲಿ ಶುರುವಾದ ಈ ಸರಣಿಯಲ್ಲಿ ರಾಕ್ಷಸರನ್ನು ಕೊಲ್ಲುವ ಹುಡುಗ ತಂಜಿರೋ ಕಾಮಾಡೊ. ‘ತನ್’ ಎಂದರೆ ಇದ್ದಿಲು, ‘ಕಾಮಾಡೊ’ ಎಂದರೆ ಒಲೆ. ಇದ್ದಿಲು ಸುಟ್ಟು ಮಾರುವವರ ಮಗನಿಗೆ ಒಪ್ಪುವ ಹೆಸರೇ. ರಾಕ್ಷಸರ ಒಡೆಯ ಮುಜಾನ್. ಆ ಪದಕ್ಕೇ ಕ್ರೂರ ಎಂಬ ಅರ್ಥವಿದೆಯಂತೆ.

ಪಾಠ ಬಿಟ್ಟು ಇದೇನು ಎಂದು ಅಕ್ಕ ಗದರುತ್ತಾಳೆ. ನಾನು ಕೇಳಿದೆ: ‘ಘಟೋತ್ಕಚ ಅಂದರೇನೋ?’

‘ಗೊತ್ತಿಲ್ಲ ಮಾಮ.’

ಘಟ ಎಂದರೆ ಮಡಕೆ, ಉತ್ಕಚ ಎಂದರೆ ಕೂದಲಿಲ್ಲದವನು. ಮಡಕೆಯಂಥ ಬೋಳುತಲೆಯವನು! ಕುಂಭಕರ್ಣನದು ಕೊಡದಂಥ ಕಿವಿ, ಶೂರ್ಪನಖಿಯದು ಮೊರದಂಥ ಉಗುರು. ಅಡುಗೆಮನೆಯ ಸಾಮಾನೆಲ್ಲ ರಾಕ್ಷಸರಾದವಲ್ಲ ಎಂದು ಹುಡುಗ ಬಿದ್ದು ಬಿದ್ದು ನಕ್ಕ. ನಮ್ಮ ಸೀಮೆಯ ಮೂಡಲಪಾಯ ಯಕ್ಷಗಾನದಲ್ಲಿ ವೇಷ ರಂಗಕ್ಕೆ ಬಂದೊಡನೆ ತಾವು ಯಾರೆಂದು ಸಾರಥಿ ವಿಚಾರಿಸುತ್ತಾನೆ. ರಾಕ್ಷಸನೂ ಹೆಸರು ಹೇಳಿಯೇ ಮುಂದುವರಿಯಬೇಕು. ಆಟ ನೋಡಿದ ಮಕ್ಕಳಿಗೆ ಈ ಹೆಸರುಗಳು ಬಾಯಿಪಾಠವಾಗುತ್ತಿದ್ದವು.

ವಿಭೀಷಣ ಎಂದರೆ ಭಯಂಕರ, ಆದರೂ ಅವನು ರಾಮನ ಕಡೆ ಬಂದ ಎಂದೆ. ಹುಡುಗ ಸುಮ್ಮನಾದ. ‘ತಂಜಿರೋನ ತಂಗಿ ನೆಜುಕೊ ರಾಕ್ಷಸಿಯಾದರೂ ಅವನು ಅವಳನ್ನು ಬಿಡಲಿಲ್ಲ. ವಿಭೀಷಣ ಅಣ್ಣನನ್ನು ಯಾಕೆ ಬಿಟ್ಟ?’

ನೆಜುಕೊ ಮನುಷ್ಯರನ್ನು ತಿನ್ನದೆ ತನ್ನ ಹಸಿವನ್ನು ತಡೆದಳು, ರಾವಣ ಸೀತೆಯನ್ನು ಬಿಡು ಎಂಬ ಮಾತನ್ನು ಕೇಳಲೇ ಇಲ್ಲ ಎಂದೆ. ಅವನಿಗೆ ಅರ್ಧವಷ್ಟೇ ಒಪ್ಪಿಗೆಯಾಯಿತು. ಅಣ್ಣನ ತಪ್ಪನ್ನು ಮುಖಕ್ಕೇ ಹೇಳಿಯೂ ಅವನ ಪರವಾಗಿಯೇ ಕಾದು ಸತ್ತ ಕುಂಭಕರ್ಣನ ಕಥೆಯನ್ನು ಇನ್ನೂ ಹೇಳಿಲ್ಲ.