300 ಕೆ.ಜಿ.ಯ ಮನೆ

ಪುಣೆಯಿಂದ ಅಮೆರಿಕಕ್ಕೆ ಹೊರಡುವ ಹಿಂದಿನ ರಾತ್ರಿ ಅವರು ನಾಲ್ಕು ಸೂಟ್‌ಕೇಸ್‌ಗಳನ್ನೂ ಮೂರು ಮೂರು ಸಲ ತೂಗಿದ್ದರು. ಒಂದೊಂದಕ್ಕೆ 23 ಕೆ.ಜಿ. ಮಿತಿ. ಕೈಯಲ್ಲಿ ಹಿಡಿದು ಎತ್ತಿದರೆ ಅಂಕಿ ತೋರಿಸುವ ಕೊಕ್ಕೆ ತಕ್ಕಡಿ ಕೊನೆಯದಕ್ಕೆ 23.4 ಎಂದಿತು. ಹೆಂಡತಿ ಶೇಂಗಾ ಚಟ್ನಿಪುಡಿಯ ಪೊಟ್ಟಣ ಹೊರಗೆ ತೆಗೆದಿಟ್ಟರು. ಅವರು ಅದನ್ನು ಮತ್ತೆ ಒಳಗಿಟ್ಟು ತಮ್ಮದೊಂದು ಸ್ವೆಟರ್ ತೆಗೆದರು. ತಕ್ಕಡಿಯೂ ಸೂಟ್‌ಕೇಸಿನೊಳಗೆ ಹೋಯಿತು, ಹಿಂದಿರುಗುವಾಗಲೂ ತೂಗಬೇಕಲ್ಲ. ಆದರೆ ಒಹಾಯೊದ ಕೊಲಂಬಸ್‌ನಲ್ಲಿ ಮಗನ ಮನೆಯಲ್ಲಿದ್ದ ಆರು ತಿಂಗಳೂ ಅದು ತೂಗಿದ್ದು ಬಹುತೇಕ ಪ್ಲೈವುಡ್ ತುಂಡುಗಳನ್ನು.

ಮಗ ಗ್ಯಾರೇಜಿನಲ್ಲಿ ಟಿಯರ್‌ಡ್ರಾಪ್ ಟ್ರೈಲರ್ ಕಟ್ಟಲು ಹೊರಟಿದ್ದ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ, ಎರಡು ಚಕ್ರಗಳ, ಇಬ್ಬರು ಮಲಗುವಷ್ಟೇ ಜಾಗವಿರುವ ಗೂಡು. ಪಕ್ಕದಿಂದ ನೋಡಿದರೆ ಅಡ್ಡ ಮಲಗಿಸಿದ ಕಣ್ಣೀರಿನ ಹನಿಯಂತೆ ಕಾಣುತ್ತದೆ: ಮುಂದೆ ಗುಂಡಗೆ, ಹಿಂದಕ್ಕೆ ಹೋದಂತೆ ಇಳಿಜಾರು. ಅಡುಗೆಮನೆ ಹೊರಗಡೆ, ಹಿಂಭಾಗದಲ್ಲಿ. ಡಿಕ್ಕಿಯಂಥ ಬಾಗಿಲು ಎತ್ತಿದರೆ ಒಲೆ, ಪಾತ್ರೆ, ಸಾಮಾನು. ಎತ್ತಿದ ಬಾಗಿಲೇ ಅಡುಗೆ ಮಾಡುವವರ ತಲೆಯ ಮೇಲಿನ ಸೂರು.

ಹೆಂಡತಿ ನಕ್ಷೆಯನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: "ಇದರಾಗ ಎದ್ದು ಕೂಡ್ಲಿಕ್ಕರೆ ಬರ್ತದೇನು?"

ಕೂಡಲಿಕ್ಕೆ ಬರುತ್ತದೆ, ನಿಲ್ಲಲಿಕ್ಕೆ ಬರುವುದಿಲ್ಲ. ಇಂಥ ಟ್ರೈಲರ್ ಹುಟ್ಟಿದ್ದೇ ಹಾಗೆ. 1930ರ ದಶಕದ ಅಮೆರಿಕದಲ್ಲಿ, ಕಾರುಗಳ ಎಂಜಿನ್‌ಗೆ ಹೆಚ್ಚು ಭಾರ ಎಳೆಯುವ ಶಕ್ತಿ ಇಲ್ಲದಿದ್ದ ಕಾಲದಲ್ಲಿ, ಜನ ತಮ್ಮ ಹಿತ್ತಲಲ್ಲೇ ಇವನ್ನು ಕಟ್ಟಿಕೊಳ್ಳತೊಡಗಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಯೂಮಿನಿಯಂ ಹಾಳೆಗಳು ಸಿಗುವಂತಾದವು, ಯುದ್ಧದಿಂದ ಮರಳಿದವರಿಗೆ ಕಡಿಮೆ ಖರ್ಚಿನಲ್ಲಿ ಊರು ಸುತ್ತುವ ಆಸೆಯಿತ್ತು. 1947ರ ಸೆಪ್ಟೆಂಬರ್‌ನಲ್ಲಿ 'ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್' ಪತ್ರಿಕೆ ಪ್ರಕಟಿಸಿದ ನಕ್ಷೆಯನ್ನು ಇವತ್ತಿಗೂ ಹುಡುಕಿ ತೆಗೆದು ಕಟ್ಟುವವರಿದ್ದಾರೆ. ಅಗಲ ನಾಲ್ಕು ಅಡಿ, ಉದ್ದ ಎಂಟು ಅಡಿಯ ಆಸುಪಾಸು. ಆ ಅಳತೆಗೆ ಕಾರಣ ಸರಳ: ಪ್ಲೈವುಡ್ ಹಾಳೆ ಬರುವುದು ನಾಲ್ಕಕ್ಕೆ ಎಂಟು ಅಡಿಯಲ್ಲಿ. ಒಂದು ಹಾಳೆ, ಒಂದು ಗೋಡೆ.

ಮಗನ ಸಮಸ್ಯೆಯೂ ಆ ಕಾಲದವರದೇ. ಅವನದು ಸಣ್ಣ ಎಸ್‌ಯುವಿ. ಅದು ಎಳೆಯಬಲ್ಲದ್ದು 1,500 ಪೌಂಡ್, ಅಂದರೆ ಸುಮಾರು 680 ಕೆ.ಜಿ. ಅದರ ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿಸಬೇಕೆಂದು ಅವನು ಗೆರೆ ಎಳೆದುಕೊಂಡಿದ್ದ: 300 ಕೆ.ಜಿ. ಕಂಪ್ಯೂಟರಿನಲ್ಲಿ ಒಂದು ಲೆಕ್ಕದ ಹಾಳೆ ಇಟ್ಟಿದ್ದ. ಚೌಕಟ್ಟು, ಅಚ್ಚು, ಚಕ್ರ ಸೇರಿ 110. ನೆಲ 30. ಬಾಗಿಲುಗಳು 12. ಹಿಂಜು, ತಿರುಪುಗಳಿಗೂ ಒಂದೊಂದು ಸಾಲು. ಒಂದು ವಸ್ತು ಒಳಗೆ ಹೋಗುವ ಮೊದಲು ಕೊಕ್ಕೆ ತಕ್ಕಡಿಯಲ್ಲಿ ತೂಗಿ ಬರೆಯಬೇಕು. ಅದೊಂದೇ ನಿಯಮ.

ತಂದೆಗೆ ಈ ನಿಯಮ ಅರ್ಥವಾಯಿತು, ಆದರೆ ಒಪ್ಪಿಗೆಯಾಗಲಿಲ್ಲ. ಧಾರವಾಡದ ಕಡೆಯಿಂದ ಪುಣೆಗೆ ಬಂದು ಮೂವತ್ತೈದು ವರ್ಷ ಫೌಂಡ್ರಿಯೊಂದರ ಪ್ಯಾಟರ್ನ್ ಶಾಪಿನಲ್ಲಿ ದುಡಿದವರು ಅವರು. ಕರಗಿದ ಕಬ್ಬಿಣ ಹೊಯ್ಯುವ ಮೊದಲು ಮರಳಿನಲ್ಲಿ ಒತ್ತುವ ಮರದ ಮಾದರಿ ಮಾಡುವ ಕೆಲಸ. ತಣಿದಾಗ ಕಬ್ಬಿಣ ನೂರಕ್ಕೆ ಒಂದು ಭಾಗ ಕುಗ್ಗುತ್ತದೆಂದು ಅಷ್ಟು ದೊಡ್ಡದಾಗಿ ಮಾದರಿ ಕಡೆಯಬೇಕು. ಯಂತ್ರದ ಬುಡಗಳನ್ನು ಮಾಡಿ ಮಾಡಿ ಅವರ ಕೈಗೆ ಒಂದು ನಂಬಿಕೆ ಕೂತಿತ್ತು: ಭಾರವಿದ್ದರೆ ಅದುರುವುದಿಲ್ಲ. ಊರಲ್ಲಿ ಕಟ್ಟಿಸಿದ ಮನೆಯ ಗೋಡೆಗಳೂ ಅಗತ್ಯಕ್ಕಿಂತ ದಪ್ಪ. ಮನೆಯಲ್ಲಿ ಒಂದು ಸ್ಟೂಲ್ ಮಾಡಿದರೂ ಇಬ್ಬರು ಎತ್ತಬೇಕು.

ಮಗ ತಂದು ನಿಲ್ಲಿಸಿದ ಗೋಡೆ ಫೋಮಿನದು. ಮನೆಗಳಿಗೆ ಚಳಿ ತಡೆಯಲು ಹಾಕುವ, ಎರಡು ಅಂಗುಲ ದಪ್ಪದ ಹಲಗೆ. ಇಡೀ ಹಾಳೆ ನಾಲ್ಕೂವರೆ ಕೆ.ಜಿ. ಅಷ್ಟೇ ಅಗಲದ 18 ಮಿ.ಮೀ. ಪ್ಲೈವುಡ್ ಆಗಿದ್ದರೆ 32 ಕೆ.ಜಿ. ದಾಟುತ್ತಿತ್ತು. ತಂದೆ ಹೆಬ್ಬೆರಳಿಂದ ಒತ್ತಿ ನೋಡಿದರು. ಕುಳಿ ಬಿತ್ತು. ಏನೂ ಹೇಳಲಿಲ್ಲ.

ಉಪಾಯವಿರುವುದು ಫೋಮಿನಲ್ಲಲ್ಲ, ಅದರ ಎರಡು ಬದಿಗೆ ಅಂಟಿಸುವ ಚರ್ಮದಲ್ಲಿ. ಒಳಬದಿಗೆ 3 ಮಿ.ಮೀ. ಪ್ಲೈವುಡ್, ಹೊರಬದಿಗೆ ಮರದ ಅಂಟಿನಲ್ಲಿ ನೆನೆಸಿದ ಕ್ಯಾನ್ವಾಸ್ ಬಟ್ಟೆ. ಗೋಡೆ ಬಾಗಬೇಕಾದರೆ ಒಂದು ಚರ್ಮ ಹಿಗ್ಗಬೇಕು, ಇನ್ನೊಂದು ಕುಗ್ಗಬೇಕು. ಎರಡರ ನಡುವೆ ಅಂತರ ಹೆಚ್ಚಿದಷ್ಟೂ ಅದು ಕಷ್ಟ. ಫೋಮಿನ ಕೆಲಸ ಆ ಅಂತರವನ್ನು ಕಾಯುವುದು ಮಾತ್ರ. ರೈಲ್ವೆ ಗರ್ಡರಿನಲ್ಲಿ ಮೇಲೊಂದು ಕೆಳಗೊಂದು ದಪ್ಪ ಪಟ್ಟಿ, ನಡುವೆ ತೆಳು ತಗಡು ಇರುವುದೂ ಇದೇ ಕಾರಣಕ್ಕೆ. ಕಾಸ್ಟಿಂಗ್ ಬಲವಾಗಬೇಕಾದರೆ ಇಡೀ ಗೋಡೆ ದಪ್ಪ ಮಾಡಬಾರದು, ಏಣುಗಳನ್ನು ಕೊಡಬೇಕು ಎಂದು ಅವರೇ ಹೊಸ ಹುಡುಗರಿಗೆ ಎಷ್ಟೋ ಸಲ ಹೇಳಿದ್ದರು. ಕಬ್ಬಿಣದಲ್ಲಿ ಗೊತ್ತಿದ್ದದ್ದು ಫೋಮಿನಲ್ಲಿ ನಂಬಿಕೆಗೆ ಬರಲಿಲ್ಲ.

ಏಪ್ರಿಲ್ ಪೂರ್ತಿ ಅಳತೆ, ಗೆರೆಗಳಲ್ಲೇ ಹೋಯಿತು. ಚಳಿಯಲ್ಲಿ ಮರದ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಹನಿಯ ಆಕಾರವನ್ನು ನಿಜ ಅಳತೆಯಲ್ಲಿ ಎಳೆದವರು ತಂದೆಯೇ. ಅಲ್ಲಲ್ಲಿ ಮೊಳೆ ಹೊಡೆದು, ಅವುಗಳ ಮೇಲೆ ತೆಳು ಪಟ್ಟಿ ಬಗ್ಗಿಸಿ, ಒಂದೇ ಉಸಿರಿನಲ್ಲಿ ಪೆನ್ಸಿಲ್ ಓಡಿಸಿದರು. ಬಾಗಿಲುಗಳನ್ನು ಮಗ ಚೌಕವಾಗಿ ಕತ್ತರಿಸಲು ಹೊರಟಾಗ ತಡೆದವರೂ ಅವರೇ. ಚೂಪು ಮೂಲೆಯಲ್ಲಿ ಒತ್ತಡ ಬಂದು ಕೂರುತ್ತದೆ, ರಸ್ತೆಯ ಒಂದೊಂದು ಕುಲುಕಿಗೂ ಬಿರುಕು ಅಲ್ಲಿಂದಲೇ ಹೊರಡುತ್ತದೆ, ಕಾಸ್ಟಿಂಗ್ ಸೀಳುವುದೂ ಅಲ್ಲೇ. ಮಗ ಒಪ್ಪಿಕೊಂಡು ಮೂಲೆಗಳನ್ನು ದುಂಡಗೆ ತಿದ್ದಿದ. ಆ ವಾರ ಇಬ್ಬರೂ ಖುಷಿಯಲ್ಲಿದ್ದರು.

ಮೇ ತಿಂಗಳಲ್ಲಿ ಬಟ್ಟೆ ಹೊದಿಸುವ ದಿನ ಹೆಂಡತಿಯೂ ಗ್ಯಾರೇಜಿಗೆ ಬಂದರು. ನೀರು ಬೆರೆಸಿದ ಅಂಟನ್ನು ರೋಲರ್‌ನಿಂದ ಹಚ್ಚಿ, ಬಟ್ಟೆ ಹಾಸಿ, ಮೇಲಿಂದ ಮತ್ತೆ ಅಂಟು. ಒಣಗಿದಾಗ ಬಟ್ಟೆ ಬಿಗಿದು ಡೋಲಿನಂತಾಗುತ್ತದೆ, ಆಮೇಲೆ ಮನೆಗೋಡೆಯ ಹೊರಬಣ್ಣ ಎರಡು ಮೂರು ಸಲ. "ಕಿನ್ನಾಳದ ಗೊಂಬಿ ಮಾಡಿಧಂಗ" ಎಂದರು ಅವರು. ಮಾತು ಸರಿಯಾಗಿತ್ತು. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲೂ ಹಗುರ ಮರವನ್ನೇ ಕಡೆಯುತ್ತಾರೆ, ಹುಣಸೆ ಬೀಜದ ಅಂಟಿನಲ್ಲಿ ಬಟ್ಟೆಯ ಚೂರುಗಳನ್ನು ಕೂರಿಸಿ ಅದರ ಮೇಲೆ ಬಣ್ಣ ಕೊಡುತ್ತಾರೆ. ಆ ಮಾತು ಕೇಳಿದ ಮೇಲೆ ತಂದೆಗೆ ಗೋಡೆಯ ಮೇಲೆ ಸ್ವಲ್ಪ ವಿಶ್ವಾಸ ಬಂತು. ಸ್ವಲ್ಪ ಮಾತ್ರ.

ಬಂದ ಹೊಸದರಲ್ಲಿ ನಿದ್ದೆ ಹೊಂದದೆ ಬೆಳಗಿನ ಮೂರಕ್ಕೇ ಎಚ್ಚರವಾಗುತ್ತಿತ್ತು. ತಿಂಗಳಾದರೂ ಆ ಅಭ್ಯಾಸ ಹೋಗಲಿಲ್ಲ. ಮನೆ ಮಲಗಿರುವಾಗ ಅವರು ಗ್ಯಾರೇಜಿಗೆ ಇಳಿಯುತ್ತಿದ್ದರು. ಮೊದಮೊದಲು ಕಸ ಗುಡಿಸಿದರು. ಆಮೇಲೆ ಹಿಂಬಾಗಿಲಿನ ಹಿಂಜಿನ ಕೆಳಗೆ 18 ಮಿ.ಮೀ. ಪ್ಲೈವುಡ್‌ನ ಒಂದು ತುಂಡು ಸೇರಿಸಿದರು. ಅಡುಗೆ ಹಲಗೆಯ ಹಿಂದೆ ಇನ್ನೊಂದು. ನೆಲದ ಅಡಿ ಎರಡು ಅಡ್ಡಪಟ್ಟಿ. ಇರಲಿ, ಗಟ್ಟಿಯಾಗಲಿ. ಯಾವುದನ್ನೂ ತೂಗಲಿಲ್ಲ, ಬರೆಯಲೂ ಇಲ್ಲ.

ಇದು ಹೊಸ ರೋಗವಲ್ಲ. ಮಗ ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ರಟ್ಟಿನ ಗಾಳಿಯಂತ್ರ ಮಾಡಿದ್ದ. ಸ್ವಲ್ಪ ವಾಲುತ್ತಿತ್ತು, ಆದರೆ ತಿರುಗುತ್ತಿತ್ತು. ರಾತ್ರಿ ಅವನು ಮಲಗಿದ ಮೇಲೆ ತಂದೆ ಅದನ್ನು ಬಿಚ್ಚಿ ಸಾಗುವಾನಿಯಲ್ಲಿ ಹೊಸದಾಗಿ ಮಾಡಿದರು. ಬೆಳಿಗ್ಗೆ ಹುಡುಗ ನೋಡಿದ, ತೆಗೆದುಕೊಂಡು ಹೋದ. ಮೊದಲ ಬಹುಮಾನ ಬಂತು. ಪ್ರಮಾಣಪತ್ರ ಮಾತ್ರ ಮನೆಗೆ ಬರಲಿಲ್ಲ. ಅದಾದ ಮೇಲೆ ಅವನು ತಂದೆಯ ಉಳಿಪೆಟ್ಟಿಗೆಯ ಹತ್ತಿರ ಬರಲಿಲ್ಲ. ಬಂದದ್ದು ಈಗ, ಇಪ್ಪತ್ತೈದು ವರ್ಷಗಳ ನಂತರ, ತನ್ನದೇ ಗ್ಯಾರೇಜಿನಲ್ಲಿ.

ಜುಲೈ ಕೊನೆಗೆ ಟ್ರೈಲರ್ ರಸ್ತೆಗಿಳಿಯಿತು. ಕೊಲಂಬಸ್‌ನಿಂದ ಆಗ್ನೇಯಕ್ಕೆ ಹೋಗುವ 33ನೇ ಹೆದ್ದಾರಿಯಲ್ಲಿ ಪರೀಕ್ಷೆ. ವೇಗ 55 ಮೈಲಿ ಮುಟ್ಟಿದಾಗ ಪಕ್ಕದ ಸೀಟಿನಲ್ಲಿದ್ದ ತಂದೆಗೆ ಕನ್ನಡಿಯಲ್ಲಿ ಅದು ನಿಧಾನ ಎಡಕ್ಕೆ ಹೋಗುವುದು ಕಂಡಿತು, ಆಮೇಲೆ ಬಲಕ್ಕೆ, ಮತ್ತೆ ಎಡಕ್ಕೆ, ಪ್ರತಿ ಸಲ ಇನ್ನಷ್ಟು. ಕಾರಿನ ಹಿಂಭಾಗವನ್ನೇ ಯಾರೋ ಹಿಡಿದು ಅಲುಗಾಡಿಸಿದಂತೆ. ಮಗ ಬ್ರೇಕ್ ತುಳಿಯಲಿಲ್ಲ. ಸ್ಟೀರಿಂಗ್ ನೇರವಾಗಿ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆದ. ವೇಗ ಇಳಿದಂತೆ ತೂಗಾಟ ನಿಂತಿತು. ಮುಂದಿನ ತಿರುವಿನಲ್ಲಿ ಹೊರಬಿದ್ದು, ಮನೆಗೆ ಬರುವವರೆಗೂ ಇಬ್ಬರೂ ಮಾತಾಡಲಿಲ್ಲ.

ಟ್ರೈಲರಿನ ತೂಕ ಎಷ್ಟು ಎನ್ನುವುದರಷ್ಟೇ ಮುಖ್ಯ, ಆ ತೂಕ ಎಲ್ಲಿದೆ ಎನ್ನುವುದು. ಒಟ್ಟು ಭಾರದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಮುಂದಿನ ಕೊಂಡಿಯ ಮೇಲೆ ಕೂರಬೇಕು. ಅಚ್ಚಿನ ಹಿಂದೆ ಭಾರ ಹೆಚ್ಚಿದರೆ ಬಾಲವೇ ನಾಯಿಯನ್ನು ಅಲ್ಲಾಡಿಸುತ್ತದೆ. ಮಗ ಬಚ್ಚಲುಮನೆಯ ತಕ್ಕಡಿ ತಂದು ಕೊಂಡಿಯ ಕೆಳಗಿಟ್ಟ. 18 ಕೆ.ಜಿ. ಟ್ರಕ್ಕುಗಳನ್ನು ತೂಗುವ ಕಟ್ಟೆಗೆ ಒಯ್ದು ಇಡೀ ಟ್ರೈಲರ್ ತೂಗಿಸಿದರು, ರಿಜಿಸ್ಟ್ರೇಷನ್‌ಗೆ ಹೇಗೂ ತೂಕದ ಚೀಟಿ ಬೇಕಿತ್ತು. 342. ಹತ್ತು ಪಾಲೆಂದರೂ ಕೊಂಡಿಯ ಮೇಲೆ 34 ಇರಬೇಕಿತ್ತು. ಇದ್ದದ್ದು ಅದರ ಅರ್ಧ.

ಲೆಕ್ಕದ ಹಾಳೆಯಲ್ಲಿ ಇದ್ದದ್ದು 300. ಮಗ ಟಾರ್ಚ್ ಹಿಡಿದು ಟ್ರೈಲರಿನ ಅಡಿಗೆ ತೂರಿದ. ಒಳಗಿಂದ ದನಿ ಬಂತು.

"ಅಪ್ಪಾ, ಇದು ಯಾವಾಗ ಬಂತು?"

"ಮೂರು ಗಂಟೆಗೆ," ಎಂದರು ತಂದೆ.

ಮಗ ಹೊರಬಂದು ಕೈ ಒರೆಸಿಕೊಂಡ. ಸಿಟ್ಟಾಗುತ್ತಾನೆ ಎಂದುಕೊಂಡಿದ್ದರು. ಅವನು ಹಾಳೆ ತೆರೆದು ತನ್ನ ಲೆಕ್ಕವನ್ನೇ ಮತ್ತೆ ನೋಡುತ್ತ ಕೂತ. "ನಂದೂ ತಪ್ಪದ. ವೈರ್ ಉಳಸ್ಲಿಕ್ಕೆ ಬ್ಯಾಟರಿ ಹಿಂದ ಇಟ್ಟೀನಿ," ಎಂದ. ತಂದೆ ಸೇರಿಸಿದ್ದೇನೂ ಇರದಿದ್ದರೂ ಕೊಂಡಿಯ ಭಾರ ಹತ್ತು ಪಾಲಿಗೆ ಕಡಿಮೆಯೇ ಬೀಳುತ್ತಿತ್ತು.

ಮರುದಿನ ಬೆಳಿಗ್ಗೆ ಮೂರಕ್ಕೆ ಅವರು ಗ್ಯಾರೇಜಿಗೆ ಇಳಿಯಲಿಲ್ಲ. ಎಂಟಕ್ಕೆ ಇಬ್ಬರೂ ಒಟ್ಟಿಗೆ ಇಳಿದರು. ಬಿಚ್ಚುವ ಕೆಲಸ ತಂದೆಯದು, ತೂಗುವ ಕೆಲಸ ಮಗನದು. ತಿರುಪಿನಲ್ಲಿ ನಿಂತದ್ದೆಲ್ಲ ಬಂತು: 31 ಕೆ.ಜಿ. ಅಂಟಿನಲ್ಲಿ ಕೂರಿಸಿದ್ದು ಬರಲಿಲ್ಲ. ಉಳಿ ಹಾಕಿದರೆ ಫೋಮ್ ಕಿತ್ತುಬರುತ್ತಿತ್ತು. ಉಳಿ ಹಿಡಿದು ಸ್ವಲ್ಪ ಹೊತ್ತು ನೋಡಿದರು, ಕೆಳಗಿಟ್ಟರು. ಮೂರೂವರೆ ದಶಕದಲ್ಲಿ ಅವರು ಮಾಡಿದ ಯಾವ ಕೀಲೂ ಬಿಚ್ಚಿಕೊಂಡಿದ್ದಿಲ್ಲ. ಮೊದಲ ಸಲ ಅದರಿಂದ ತೊಂದರೆಯಾಗಿತ್ತು.

11 ಕೆ.ಜಿ.ಯ ಬ್ಯಾಟರಿ ಮುಂದಿನ ಕೊಂಡಿಯ ಪೆಟ್ಟಿಗೆಗೆ ಹೋಯಿತು. ಅದು ಅಚ್ಚಿನ ಹಿಂದಿನಿಂದ ಮುಂದಕ್ಕೆ ಹೋದದ್ದಕ್ಕೆ ಒಮ್ಮೆಗೇ ಹನ್ನೆರಡರಷ್ಟು ಕೆ.ಜಿ. ಕೊಂಡಿಯ ಮೇಲೆ ಬಂತು, ಹಿಂದಿನ ಪ್ಲೈವುಡ್ ಹೋದದ್ದಕ್ಕೆ ಇನ್ನೊಂದಷ್ಟು. ಕೊನೆಗೆ ಒಟ್ಟು 311, ಕೊಂಡಿಯ ಮೇಲೆ 39. ಅದೇ ಹೆದ್ದಾರಿ, ಅದೇ 55 ಮೈಲಿ. ಕನ್ನಡಿಯಲ್ಲಿ ಟ್ರೈಲರ್ ಗೆರೆ ಎಳೆದಂತೆ ಹಿಂದೆ ಬಂತು. ತಂದೆ ಪೂರ್ತಿ ದಾರಿ ಅದನ್ನೇ ನೋಡುತ್ತಿದ್ದರು.

ಆಗಸ್ಟ್‌ನಲ್ಲಿ ಹಾಕಿಂಗ್ ಹಿಲ್ಸ್‌ಗೆ ಹೋದರು. ಮಗ ಸೊಸೆ ಟೆಂಟಿನಲ್ಲಿ, ಹಿರಿಯರಿಬ್ಬರೂ ಟ್ರೈಲರಿನಲ್ಲಿ. ಎತ್ತಿದ ಬಾಗಿಲಿನ ಕೆಳಗೆ ಹೆಂಡತಿ ಉಪ್ಪಿಟ್ಟು ಮಾಡಿದರು. ಒಲೆ, ಸಾಸಿವೆ ಡಬ್ಬಿ, ನೀರು ಎಲ್ಲ ಕೈಗೆಟಕುವಷ್ಟರಲ್ಲೇ ಇದ್ದುದರಿಂದ, ಪುಣೆಯ ಅಡುಗೆಮನೆಗಿಂತ ಇದೇ ವಾಸಿ ಎಂದರು. ನಡುರಾತ್ರಿ ಮಳೆ ಬಂತು. ಇಂಥ ಟ್ರೈಲರುಗಳು ಸೋರಿದರೆ ಸಾಮಾನ್ಯವಾಗಿ ಸೋರುವುದು ಹಿಂಬಾಗಿಲಿನ ಹಿಂಜಿನ ಸಾಲಿನಲ್ಲಿ. ತಂದೆ ಕತ್ತಲಲ್ಲೇ ಕೈ ಚಾಚಿ ಅಲ್ಲಿ ತಡವಿದರು. ಒಣಗಿತ್ತು. ಎರಡು ಅಂಗುಲದ ಆಚೆ ಮಳೆ ಬಟ್ಟೆಗೋಡೆಯ ಮೇಲೆ ಬಡಿಯುತ್ತಿತ್ತು, ಒಳಗೆ ಹೆಂಡತಿ ಹೊದಿಕೆ ಎಳೆದುಕೊಂಡು ಮಲಗಿದ್ದರು. ಅವರೂ ಮಲಗಿದರು. ಎಚ್ಚರವಾದಾಗ ಏಳು ಗಂಟೆಯಾಗಿತ್ತು.

ಸೆಪ್ಟೆಂಬರ್ ಕೊನೆಗೆ ಮರಳಿ ಹೊರಡುವ ಮುನ್ನ ಲೆಕ್ಕದ ಹಾಳೆಯನ್ನು ಅವರೊಮ್ಮೆ ನೋಡಬೇಕೆಂದರು. ಎಲ್ಲ ಸಾಲುಗಳೂ ಸರಿಯಿದ್ದವು. ಕೊನೆಯಲ್ಲಿ, ಬಿಚ್ಚಲು ಬಾರದ ತುಂಡುಗಳ ಲೆಕ್ಕಕ್ಕೆ, ಮಗ ಒಂದು ಸಾಲು ಸೇರಿಸಿದ್ದ: ಅಪ್ಪ, 11 ಕೆ.ಜಿ. ಅವರು ಓದಿ ಕಂಪ್ಯೂಟರ್ ಮುಚ್ಚಿದರು. ಕೊಕ್ಕೆ ತಕ್ಕಡಿಯನ್ನು ಗ್ಯಾರೇಜಿನ ಮೊಳೆಗೆ ನೇತುಹಾಕಿ ಬಂದರು. ವಾಪಸ್ಸಿನ ಸೂಟ್‌ಕೇಸುಗಳನ್ನು ಅಂದಾಜಿನ ಮೇಲೆ ತುಂಬಿದರು.

ಮರುವರ್ಷ ಮಾರ್ಚ್‌ನಲ್ಲಿ ಮಗ ಫೋನ್ ಮಾಡಿದ. ಚಳಿಗಾಲ ಕಳೆದ ಮೇಲೆ ಹಿಂಬಾಗಿಲಿನ ರಬ್ಬರ್ ಪಟ್ಟಿ ಬಿರುಕು ಬಿಟ್ಟಿತ್ತು, ಹನಿ ಹನಿ ಸೋರುತ್ತಿತ್ತು, ತಾನೇ ಹೊಸ ಪಟ್ಟಿ ಹಾಕಿದೆ ಎಂದ. ಹಿಂಜನ್ನು ಹೇಗೆ ಬಿಚ್ಚಿದೆ, ಅಂಟು ಯಾವುದು, ಕೆಳಗಿನ ಹಲಗೆ ನೆನೆದಿತ್ತೋ ಎಂದು ಕೇಳಲು ತಂದೆಯ ಬಾಯಿ ತೆರೆಯಿತು. ಹೆಂಡತಿ ಪಕ್ಕದಲ್ಲೇ ಕೂತು ನೋಡುತ್ತಿದ್ದರು.

"ಎಷ್ಟು ಹೆಚ್ಚಾತು?" ಎಂದಷ್ಟೇ ಕೇಳಿದರು.

"ನಾಲ್ಕನೂರು ಗ್ರಾಂ."

"ಹಾಳ್ಯಾಗ ಬರದಿ?"

"ಬರದೀನಿ, ಅಪ್ಪಾ."